ಗುರುಬಸವ್ವನ ಖಾನಾವಳಿಯಲ್ಲಿ ಅತ್ತೆ ಸೊಸೆ

ಸುಗುಣಳಿಗೆ ಜೋಳದ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಕಥೆ ಇಷ್ಟೇ ಆಗಿದ್ದರೆ ಇಲ್ಲಿಗೇ ಮುಗಿಸಿ ಎದ್ದು ಹೋಗಬಹುದಿತ್ತು. ಬಾರದ ಕೆಲಸ ಯಾರಿಗೆ ಇರುವುದಿಲ್ಲ ಹೇಳಿ? ಆದರೆ ಈ ಸುಗುಣ, ತನಗೆ ರೊಟ್ಟಿ ಬಡಿಯಲು ಬಹಳ ಚೆನ್ನಾಗಿ ಬರುತ್ತದೆ ಅಂತ ಇಡೀ ಓಣಿಯನ್ನೇ ನಂಬಿಸಿಬಿಟ್ಟಿದ್ದಳು. ಫಜೀತಿ ಶುರುವಾದದ್ದೇ ಅಲ್ಲಿಂದ.

ಅವಳು ನಾಗಮಂಗಲದ ಕಡೆಯ ಹುಡುಗಿ. ತಾಯಿ ಇರಲಿಲ್ಲ, ಸೋದರಮಾವನ ಮನೆಯಲ್ಲಿ ಬೆಳೆದವಳು. ಆ ಸೀಮೆಯಲ್ಲಿ ರಾಗಿ ಮುದ್ದೆಯೇ ಊಟ. ಸುಗುಣ ಒಲೆಯ ಮುಂದೆ ನಿಂತು ಕೋಲು ಹಿಡಿದು ಮುದ್ದೆ ತಿರುವಿದರೆ ಹುಡುಕಿದರೂ ಒಂದು ಗಂಟು ಸಿಗುತ್ತಿರಲಿಲ್ಲ. ಅವಳಿಗೆ ಗದಗದ ಕಡೆಯ ಒಂದು ಊರಿನಿಂದ ಸಂಬಂಧ ಬಂತು. ಹುಡುಗ ವಿರೂಪಾಕ್ಷ, ದೂರದೂರಿನ ಬಸ್ಸಿನ ಡ್ರೈವರ್, ವಾರಕ್ಕೊಮ್ಮೆ ಮನೆಗೆ ಬರುವವನು. ಹೆಣ್ಣು ನೋಡಲು ಬಂದ ಹುಡುಗನ ತಾಯಿ ನೀಲಗಂಗವ್ವ ಬಂಗಾರ ಕೇಳಲಿಲ್ಲ, ಓದು ಕೇಳಲಿಲ್ಲ. ಅವಳು ಕೇಳಿದ್ದು ಒಂದೇ ಮಾತು.

"ಹುಡುಗಿಗೆ ರೊಟ್ಟಿ ಬಡಿಯಾಕ ಬರತೈತೇನ್ರಿ?"

ಸೋದರಮಾವನಿಗೆ ಸಂಬಂಧ ಕೈ ತಪ್ಪಿದರೆ ಅಂತ ಭಯ. "ಅಯ್ಯೋ, ಏನ್ ಕೇಳ್ತೀರಾ ತಾಯಿ! ರೊಟ್ಟಿ ಅಂದ್ರೆ ನಮ್ಮ ಸುಗುಣನೇ. ಅವಳ ಕೈ ರೊಟ್ಟಿ ತಿಂದೋರು ಬೇರೆ ರೊಟ್ಟಿ ಮುಟ್ಟಲ್ಲ" ಅಂದುಬಿಟ್ಟ. ಒಳಗೆ ಕಾಫಿ ಸೋಸುತ್ತಿದ್ದ ಸುಗುಣಳ ಕೈ ಅಲ್ಲೇ ನಿಂತಿತು. ಅವಳು ಹುಟ್ಟಿದಾಗಿನಿಂದ ಜೋಳದ ಹಿಟ್ಟನ್ನು ಕಣ್ಣಿಂದ ಕೂಡ ಕಂಡಿರಲಿಲ್ಲ.

ಮದುವೆಯಾಯಿತು, ಸುಗುಣ ಗಂಡನ ಮನೆಗೆ ಬಂದಳು. ಮೊದಲ ಬೆಳಗ್ಗೆಯೇ ನೀಲಗಂಗವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೊಸೆಗೆ ಒಂದು ಮಾತು ಹೇಳಿದಳು. "ನೋಡವಾ, ನನ್ನ ಅತ್ತಿ ಸಾಯೂತನಕ ಈ ಬಾಗಲದಾಗ ನಿಂತು ನನ್ನ ಕೈಯನ್ನ ನೋಡಕೋತ ಇದ್ಲು. ಉಪ್ಪು ಹಾಕಿದ್ರೂ ತಪ್ಪು, ಹಾಕದಿದ್ರೂ ತಪ್ಪು. ಅಂಥಾ ಅತ್ತಿ ನಾ ಆಗಂಗಿಲ್ಲ ಅಂತ ಆವತ್ತೇ ಆಣಿ ಮಾಡೀನಿ. ಇವತ್ತಿನಿಂದ ಈ ಅಡಗಿಮನಿ ನಿಂದು. ನೀ ಕರೀಲಾರದ ನಾ ಒಳಗ ಕಾಲಿಡಂಗಿಲ್ಲ." ಹೀಗೆ ಹೇಳಿ ತಾನೇ ಬಾಗಿಲು ಎಳೆದುಕೊಂಡು ಹೋದಳು.

ಎಂಥ ಒಳ್ಳೆಯ ಅತ್ತೆ ನೋಡಿ! ಒಳಗೆ ಸುಗುಣ ಹಿಟ್ಟು ಕಲಸಿ ತಟ್ಟಿದರೆ ರೊಟ್ಟಿ ನಾಲ್ಕು ಕಡೆ ಸೀಳಿತು. ಎತ್ತಲು ಹೋದರೆ ಅರ್ಧ ಕೈಗೆ ಬಂತು, ಅರ್ಧ ಹಲಗೆಯ ಮೇಲೇ ಉಳಿಯಿತು. ಹಂಚಿಗೆ ಬಿದ್ದದ್ದು ಇದ್ದಿಲಾಯಿತು. ಅವಳು ಹಿಟ್ಟಿನ ಕೈಯಲ್ಲೇ ಹಿತ್ತಿಲ ಬಾಗಿಲು ತೆಗೆದು ಹೊರಗೆ ನಿಂತು ಅತ್ತಳು.

ಹಿತ್ತಿಲ ಆಚೆಗೆ ಒಂದು ಸಂದಿ. ಸಂದಿಯ ಆಚೆಗೆ ಗುರುಬಸವ್ವನ ಖಾನಾವಳಿಯ ಹಿಂಬದಿ. ಗುರುಬಸವ್ವನ ಖಾನಾವಳಿ ಅಂದರೆ ಆ ಊರಿನಲ್ಲಿ ಚಿಕ್ಕವರಿಗೂ ಗೊತ್ತು. ಬಸ್ಸಿಳಿದವರು ಮೊದಲು ಅಲ್ಲಿಗೆ ಹೋಗಿ ಉಂಡು, ಆಮೇಲೆ ಬಂದ ಕೆಲಸ ನೋಡಿಕೊಳ್ಳುತ್ತಿದ್ದರು. ಬೆಳಕು ಹರಿಯುವ ಮೊದಲೇ ಅಲ್ಲಿ ಒಲೆ ಹತ್ತುತ್ತಿತ್ತು, ಹೆಂಗಸರು ಸಾಲಾಗಿ ಕೂತು ರೊಟ್ಟಿ ಬಡಿಯುತ್ತಿದ್ದರು. ಗುರುಬಸವ್ವ ಅಳುತ್ತಿದ್ದ ಹುಡುಗಿಯನ್ನು ನೋಡಿದಳು, ಕೈಗೆ ಹತ್ತಿದ ಹಿಟ್ಟನ್ನು ನೋಡಿದಳು. ಬೇರೇನೂ ಕೇಳಬೇಕಾಗಲಿಲ್ಲ.

"ತಗೋ ತಂಗಿ, ಇವತ್ತಿಂದು ಆಗಲಿ" ಅಂತ ಒಂದು ಕಟ್ಟು ರೊಟ್ಟಿಯನ್ನು ಅರಿವೆಯಲ್ಲಿ ಸುತ್ತಿ ಕೊಟ್ಟಳು.

ಇವತ್ತಿನದು ಆಯಿತು. ನಾಳೆಯದೂ ಆಯಿತು. ಆಮೇಲೆ ಅದೇ ರೂಢಿಯಾಯಿತು. ಸುಗುಣಳಿಗೆ ಹೊಲಿಗೆ ಬರುತ್ತಿತ್ತು. ರೊಟ್ಟಿಯ ಬದಲಿಗೆ ಗುರುಬಸವ್ವನಿಗೂ ಅವಳ ಹೆಣ್ಣಾಳುಗಳಿಗೂ ಜಂಪರ್, ಅಂದರೆ ರವಿಕೆ, ಹೊಲಿದು ಕೊಡತೊಡಗಿದಳು. ತೋಳಿನ ತುದಿಗೆ ಬೇರೆ ಬಣ್ಣದ ಪಟ್ಟಿ ಇಟ್ಟು ಹೊಲಿಯುವುದು ಅವಳದೇ ಒಂದು ಚಂದ. ಆ ಖಾನಾವಳಿಯ ಹೆಂಗಸರಷ್ಟು ನೀಟಾದ ಜಂಪರ್ ಆ ಊರಲ್ಲಿ ಯಾರೂ ಹಾಕುತ್ತಿರಲಿಲ್ಲ.

ರೊಟ್ಟಿಯೇನೋ ಬಂತು, ಸಪ್ಪಳ? ಆ ಸೀಮೆಯಲ್ಲಿ ಬೆಳಗಾದರೆ ಮನೆಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳಬೇಕು. ಕೇಳದಿದ್ದರೆ ಪಕ್ಕದ ಮನೆಯವರು "ಯಾಕ್ರೀ, ಮೈಯಾಗ ಆರಾಮಿಲ್ಲೇನು?" ಅಂತ ಬಂದು ನಿಲ್ಲುತ್ತಾರೆ. ಸುಗುಣ ಅದಕ್ಕೂ ದಾರಿ ಹುಡುಕಿದಳು. ಹಳೆಯ ಅರಿವೆಯನ್ನು ನೀರಲ್ಲಿ ಅದ್ದಿ, ಹಿಂಡಿ, ಮಡಿಸಿ ಹಲಗೆಯ ಮೇಲೆ ಇಟ್ಟು ಅಂಗೈಯಿಂದ ತಟ್ಟಿದಳು. ಪಟ್ ಪಟ್ ಪಟ್. ಸ್ವಲ್ಪ ಹೊತ್ತಿಗೆ ಒಂದು ಮಡಿಕೆ ಬಿಚ್ಚಿ ಇನ್ನಷ್ಟು ಜೋರಾಗಿ ತಟ್ಟಿದಳು, ರೊಟ್ಟಿ ತೆಳ್ಳಗಾದಂತೆ ಸಪ್ಪಳವೂ ತೆಳ್ಳಗಾಗಬೇಕಲ್ಲ! ನಡುವೆ ಕಾದ ಹಂಚಿನ ಮೇಲೆ ಒಂದು ಚಿಟಿಕೆ ಹಿಟ್ಟು ಉದುರಿಸಿದಳು, ವಾಸನೆಗೆ. ಇಷ್ಟು ತಲೆಯನ್ನು ರೊಟ್ಟಿ ಕಲಿಯುವುದಕ್ಕೆ ಓಡಿಸಿದ್ದರೆ ಈ ಹೊತ್ತಿಗೆ ಊರಿಗೆಲ್ಲ ಕಲಿಸುವಷ್ಟು ಆಗುತ್ತಿದ್ದಳು. ಆದರೆ ಭಯ ಹೊಕ್ಕ ತಲೆ ನೇರ ದಾರಿಯಲ್ಲಿ ನಡೆಯುವುದಿಲ್ಲ.

ಹೊರಗೆ ನೀಲಗಂಗವ್ವ ಹಾಸಿಗೆಯ ಮೇಲೆ ಕೂತು ಆ ಸಪ್ಪಳವನ್ನು ಹಾಡು ಕೇಳಿದ ಹಾಗೆ ಕೇಳುತ್ತಿದ್ದಳು. ನೀರಿಗೆ ಹೋದಲ್ಲಿ, ಗುಡಿಗೆ ಹೋದಲ್ಲಿ ಅವಳದು ಒಂದೇ ಮಾತು. "ಮುದ್ದಿ ಉಣ್ಣೋ ಸೀಮಿಯಿಂದ ತಂದೀನಿ. ಆದ್ರ ರೊಟ್ಟಿ ಮಾತ್ರ ನಮ್ಮ ಹೆಣ್ಣಮಕ್ಕಳೂ ಹಂಗ ಬಡಿಯಂಗಿಲ್ಲ ನೋಡ್ರಿ!"

ಈ ಮಾತು ಕಿವಿಗೆ ಬಿದ್ದಾಗಲೆಲ್ಲ ಸುಗುಣ ತಲೆ ತಗ್ಗಿಸಿ ಒಳಗೆ ಸರಿದುಬಿಡುತ್ತಿದ್ದಳು. ಅತ್ತೆ ಕೆಟ್ಟವಳಾಗಿದ್ದರೆ ಇಷ್ಟು ಕಷ್ಟವಿರಲಿಲ್ಲ. ನೀಲಗಂಗವ್ವ ವಾರಕ್ಕೊಮ್ಮೆ ಸೊಸೆಯನ್ನು ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಊಟಕ್ಕೆ ಸೊಸೆಯನ್ನು ಬಿಟ್ಟು ಕೂರುತ್ತಿರಲಿಲ್ಲ. ತಾಯಿ ಇಲ್ಲದ ಹುಡುಗಿಗೆ ಬದುಕಿನಲ್ಲಿ ಮೊದಲ ಸಲ ಒಂದು ತಾಯಿ ಸಿಕ್ಕಿದ್ದಳು. ಸುಳ್ಳು ಗೊತ್ತಾದರೆ ಆ ಪ್ರೀತಿ ಹೋಗುತ್ತದೆ. ಗಂಡ ಬೈದರೆ ಬೈಯಲಿ, ಊರು ನಕ್ಕರೆ ನಗಲಿ, ಈ ಕೈ ತಲೆಯ ಮೇಲಿಂದ ಹೋದರೆ ಏನು ಮಾಡುವುದು? ಇದೊಂದೇ ಅವಳ ಹೆದರಿಕೆ.

ಇನ್ನೊಂದು ಚಿಂತೆಯೂ ಇತ್ತು. ಅತ್ತೆ ದಿನದಿನಕ್ಕೆ ಸೊರಗುತ್ತಿದ್ದಳು. ಬೆಳಗ್ಗೆ ತಂದ ರೊಟ್ಟಿ ಮಧ್ಯಾಹ್ನದ ಹೊತ್ತಿಗೆ ಗಟ್ಟಿಯಾಗಿ ಕಡಕ್ ಆಗಿರುತ್ತಿತ್ತು. "ಹೇಗಿದೆ ಅತ್ತೆ?" ಅಂತ ಸುಗುಣ ಕೇಳಿದರೆ ನೀಲಗಂಗವ್ವ "ಭಾಳ ಚಲೋ ಐತಿ ನಮ್ಮವ್ವಾ" ಅನ್ನುತ್ತಿದ್ದಳು. ಪಲ್ಯದ ರಸದಲ್ಲಿ ನೆನೆಸಿದ ಒಂದು ಚೂರು ರೊಟ್ಟಿ, ನಾಲ್ಕು ತುತ್ತು ಅನ್ನ, ಅಷ್ಟಕ್ಕೇ ಹೊಟ್ಟೆ ತುಂಬಿತು ಅನ್ನುತ್ತಿದ್ದಳು. ಆಮೇಲೆ ತಾನೇ ಎದ್ದು ಕೈ ತೊಳೆಯಲು ಹಿತ್ತಿಲಿಗೆ ಹೋಗುತ್ತಿದ್ದಳು. ಅವಳು ಹೋದದ್ದೇ ತಡ, ಸಂದಿಯಲ್ಲಿ ಕಟ್ಟಿದ್ದ ಪಕ್ಕದ ಮನೆಯ ಎಮ್ಮೆ ಕೂಗತೊಡಗುತ್ತಿತ್ತು. ಅತ್ತೆಯನ್ನು ಕಂಡರೆ ಎಮ್ಮೆಗೂ ಎಷ್ಟು ಪ್ರೀತಿ ಅಂತ ಸುಗುಣ ಅಂದುಕೊಂಡಿದ್ದಳು.

ಒಂದು ದಿನ ನೀಲಗಂಗವ್ವ ಬೆಳಗ್ಗೆಯೇ ಇಳಕಲ್ ಸೀರೆ ಉಟ್ಟು ತಯಾರಾದಳು.

"ಸುಗುಣಾ, ಇವತ್ತ ಒಲಿ ಹಚ್ಚಬ್ಯಾಡ. ಇಬ್ಬರೂ ಕೂಡಿ ಗುರುಬಸವ್ವನ ಖಾನಾವಳಿಗೆ ಹೋಗೂಣು."

"ಯಾಕತ್ತೆ? ಮನೇಲೇ ಮಾಡ್ತೀನಲ್ಲ."

"ದಿನಾ ಮಾಡೂದು ಇದ್ದದ್ದ ಐತಿ. ಊರಿಗೆ ಊರೇ ಅಲ್ಲಿ ಹೋಗಿ ಉಂಡು ಬಂದು ಬಾಯಿ ಚಪ್ಪರಿಸತೈತಿ. ಬೆನ್ನಹಿಂದ ಇದ್ದ ಖಾನಾವಳಿ, ನಾ ಒಮ್ಮೆನೂ ಹೋಗಿಲ್ಲ. ಮನ್ಯಾಗ ನಿನ್ನಂಥಾ ಸೊಸಿ ಇದ್ದಾಗ ಯಾಕ ಹೋಗಲಿ? ಇವತ್ತ ಹೋಗೂದು ನನ್ನ ಸಲುವಾಗಿ ಅಲ್ಲ, ನಿನ್ನ ಸಲುವಾಗಿ." ಹೀಗೆ ಹೇಳಿ ಸೊಸೆಯ ಅಂಗೈ ಹಿಡಿದು ಸವರಿದಳು. "ದಿನಾ ಬಡದು ಬಡದು ಈ ಕೈ ಏನಾಗಿರಬ್ಯಾಡ! ಒಂದಿನ ಇದಕ್ಕೂ ಸೂಟಿ ಸಿಗಲಿ."

ಒದ್ದೆ ಅರಿವೆ ಬಡಿದ ಕೈ ಅದು. ಸುಗುಣಳಿಗೆ ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು.

ಖಾನಾವಳಿ ತುಂಬಿ ತುಳುಕುತ್ತಿತ್ತು. ಸಂತೆಯ ದಿನ ಬೇರೆ. ಉದ್ದನೆಯ ಪಡಸಾಲೆ, ಸಾಲಾಗಿ ಹಾಕಿದ ಮಣೆಗಳು, ಎದುರಿಗೇ ಒಲೆಗಳು. ಅಲ್ಲಿಯ ಪದ್ಧತಿಯೇ ಹಾಗೆ, ಉಣ್ಣುವವರ ಕಣ್ಣೆದುರಿಗೇ ರೊಟ್ಟಿ ಬಡಿಯಬೇಕು, ಹಂಚಿನಿಂದ ನೇರ ತಟ್ಟೆಗೆ ಬೀಳಬೇಕು. ಒಳಗೆ ಬರುತ್ತಿದ್ದ ಅತ್ತೆ ಸೊಸೆಯನ್ನು ನೋಡಿ ಗುರುಬಸವ್ವನ ಕೈಯಲ್ಲಿದ್ದ ಸೌಟು ಸಾರಿನ ಪಾತ್ರೆಯೊಳಗೇ ಬಿತ್ತು.

"ಬರ್ರಿ ಎಕ್ಕಾ, ಬರ್ರಿ. ಇವರು... ನಿಮ್ಮ ಸೊಸಿ ಏನ್ರೀ?" ಅಂತ ಏನೂ ಗೊತ್ತಿಲ್ಲದವಳ ಹಾಗೆ ಕೇಳಿದಳು. ಪುಣ್ಯಾತ್ಗಿತ್ತಿ!

ಇಬ್ಬರೂ ಕೂತರು. ತಟ್ಟೆ ಬಂತು. ಎಣ್ಣೆ ತೇಲುವ ಬದನೆಕಾಯಿ ಎಣ್ಣಗಾಯಿ, ಮಡಕೆಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು, ಹೆಚ್ಚಿದ ಉಳ್ಳಾಗಡ್ಡಿ. ಮೇಲೆ ಹೊಗೆಯಾಡುವ ರೊಟ್ಟಿ, ಅದರ ಮೇಲೊಂದು ಬೆಣ್ಣೆ ಉಂಡೆ. ನೀಲಗಂಗವ್ವ ಮುರಿದಳು. ಬಿಸಿ ರೊಟ್ಟಿ ಬಟ್ಟೆಯ ಹಾಗೆ ಮಡಿಸಿಕೊಂಡು ಬಂತು. ಎಣ್ಣಗಾಯಿ ಹಚ್ಚಿ ಬಾಯಿಗಿಟ್ಟಳು, ಕಣ್ಣು ಮುಚ್ಚಿದಳು. ನೋಡನೋಡುತ್ತಿದ್ದಂತೆ ರೊಟ್ಟಿ ಖಾಲಿಯಾಯಿತು.

ಸುಗುಣ ಬೆರಗಾಗಿ ನೋಡಿದಳು. ಮನೆಯಲ್ಲಿ ತುಂಡು ರೊಟ್ಟಿಗೆ ಹೊಟ್ಟೆ ತುಂಬಿತು ಅನ್ನುವ ಅತ್ತೆ ಇವಳೇನಾ? ಇದೂ ಅದೇ ಗುರುಬಸವ್ವನ ರೊಟ್ಟಿಯೇ ಅಲ್ಲವಾ?

ಅಷ್ಟರಲ್ಲಿ ನೀಲಗಂಗವ್ವ ತಲೆ ಓರೆ ಮಾಡಿ, "ಈ ರುಚಿ ನಾ ಎಲ್ಲೋ ಕಂಡೀನಲ್ಲ" ಅಂದಳು. ಸುಗುಣ ಅವಸರದಲ್ಲಿ ನೀರಿನ ಲೋಟವನ್ನು ಅತ್ತೆಯ ಕಡೆ ಸರಿಸಿದಳು. ನೀಲಗಂಗವ್ವ ತೊಡೆ ತಟ್ಟಿಕೊಂಡಳು. "ಆಂ! ಥೇಟ್ ನಿನ್ನ ಕೈ ರುಚಿ ಸುಗುಣಾ! ಊರೆಲ್ಲ ಹೊಗಳೂ ಖಾನಾವಳಿ ರೊಟ್ಟಿನೂ ನಿನ್ನ ರೊಟ್ಟಿನೂ ಒಂದ!"

ಎದುರಿಗೆ ನಿಂತಿದ್ದ ಗುರುಬಸವ್ವನಿಗೆ ಕೆಮ್ಮು ಬಂತು. ನೀಲಗಂಗವ್ವ ಅವಳನ್ನು ಮೇಲಿಂದ ಕೆಳಗೆ ನೋಡಿ, "ಜಂಪರ್ ಭಾಳ ಚಂದ ಐತಿ. ತೋಳಿಗೆ ಪಟ್ಟಿ ಬ್ಯಾರೆ. ಎಲ್ಲಾರದೂ ಹಂಗ ಅದಾವಲ್ಲ, ಎಲ್ಲಿ ಹೊಲಸೀರಿ?" ಅಂದಳು.

"ಇಲ್ಲೇ... ಇಲ್ಲೇ ಹಿಂದ ಒಬ್ಬಾಕಿ ಹೊಲಿತಾಳ್ರಿ" ಅಂದ ಗುರುಬಸವ್ವ ಕೆಮ್ಮುತ್ತಲೇ ಒಲೆಯ ಕಡೆ ಓಡಿದಳು.

ಇಷ್ಟಕ್ಕೇ ಮುಗಿದಿದ್ದರೆ ಸುಗುಣ ಬಚಾವಾಗುತ್ತಿದ್ದಳು. ಆದರೆ ಎರಡನೆಯ ರೊಟ್ಟಿ ಬರಲೇ ಇಲ್ಲ. ಅವತ್ತು ರೊಟ್ಟಿ ಬಡಿಯುವ ಹೆಂಗಸೊಬ್ಬಳು ಮಗಳ ಬಾಣಂತನಕ್ಕೆ ಹೋಗಿದ್ದಳು. ಜನ ಜಾಸ್ತಿ, ಕೈ ಕಡಿಮೆ. ಸಂತೆಗೆ ಬಂದವರು ತಟ್ಟೆ ಬಡಿಯತೊಡಗಿದರು. "ಎಲ್ಲೈತ್ರೀ ರೊಟ್ಟಿ? ಎಣ್ಣಗಾಯಿ ಆರಾಕ ಹತ್ತೇತಿ!" ಗುರುಬಸವ್ವ ಬೆವರು ಒರೆಸುತ್ತ, "ಒಂದ್ ಸ್ವಲ್ಪ ತಡೀರಿ ಯಪ್ಪಾ, ಒಂದ್ ಕೈ ಕಡಿಮಿ ಐತಿ" ಅಂತ ಗೋಗರೆದಳು.

ನೀಲಗಂಗವ್ವ ಎದ್ದು ನಿಂತಳು. ಎದ್ದು ನಿಂತು ಪಡಸಾಲೆಗೆಲ್ಲ ಕೇಳುವ ಹಾಗೆ, "ಕೈ ಕಡಿಮಿ ಆದ್ರ ನನ್ನ ಸೊಸಿ ಕುಂದ್ರತಾಳ! ಏಳ ಸುಗುಣಾ, ಹೆಣ್ಣಮಗಳು ಒಬ್ಬಾಕಿನ ಒದ್ದಾಡಾಕ ಹತ್ತಾಳ. ನಾಕು ರೊಟ್ಟಿ ಬಡದು ಕೊಡು. ಇವರೂ ನೋಡಲಿ" ಅಂದಳು.

"ಬ್ಯಾಡ್ರಿ ಎಕ್ಕಾ! ಉಣ್ಣಾಕ ಬಂದವರು ನೀವು" ಅಂತ ಗುರುಬಸವ್ವ ಕೈ ಮುಗಿದಳು.

"ಅದಕ್ಕೇನಾತು? ಸಂಕೋಚ ಬ್ಯಾಡ." ನೀಲಗಂಗವ್ವ ಸೊಸೆಯ ರಟ್ಟೆ ಹಿಡಿದು ಎಬ್ಬಿಸಿಯೇಬಿಟ್ಟಳು.

ಸುಗುಣ ಒಲೆಯ ಮುಂದೆ ಕೂತಳು. ಹಿಟ್ಟಿನ ಉಂಡೆ ಎದುರಿಗಿತ್ತು. ನೂರಾರು ಕಣ್ಣು ಬೆನ್ನಿಗಿದ್ದವು. ಪಕ್ಕದಲ್ಲಿ ಕೂತ ಗುರುಬಸವ್ವ ತಲೆ ತಗ್ಗಿಸಿ ಪಿಸುಗುಟ್ಟಿದಳು. "ಹೆದರಬ್ಯಾಡ ತಂಗಿ. ನೀ ಬರೇ ಕೈ ಆಡಸು. ನಾ ಬಡದದ್ದನ್ನ ಗೊತ್ತಾಗದಂಗ ನಿನ್ನ ಮುಂದ ಸರಸ್ತೀನಿ. ನೀ ಎತ್ತಿ ಹಂಚಿಗೆ ಹಾಕು, ಅಷ್ಟ. ಒಂದ್ ನರಪಿಳ್ಳಿಗೂ ತಿಳಿಯಂಗಿಲ್ಲ."

ಉಪಾಯವೇನೋ ಆಗುವಂಥದ್ದೇ. ಸುಗುಣ ತಟ್ಟತೊಡಗಿದಳು. ಪಟ್ ಪಟ್ ಪಟ್. ಸಪ್ಪಳ ಮಾತ್ರ ಅಚ್ಚುಕಟ್ಟಾಗಿ ಬಂತು. ಅಷ್ಟು ದಿನ ಅದನ್ನೇ ತಾನೇ ರೂಢಿ ಮಾಡಿದ್ದು! ಉಂಡೆಯ ಅಂಚು ಸೀಳತೊಡಗಿತ್ತು. ಗುರುಬಸವ್ವನ ಕೈಯಲ್ಲಿ ದುಂಡನೆಯ ರೊಟ್ಟಿ ಸಿದ್ಧವಾಗಿತ್ತು, ಸರಿಸುವುದೊಂದೇ ಬಾಕಿ.

ಅಷ್ಟರಲ್ಲಿ ಹಿಂದಿನಿಂದ ಅತ್ತೆಯ ಧ್ವನಿ ಕೇಳಿಸಿತು. ಪಕ್ಕದ ಮಣೆಯಲ್ಲಿ ಕೂತ ಮುದುಕಿಗೆ ಹೇಳುತ್ತಿದ್ದಳು. "ಕೇಳ್ರಿ, ಈ ಸಪ್ಪಳ ಕೇಳ್ರಿ. ದಿನಾ ಮುಂಜಾನಿ ಇದನ್ನ ಕೇಳೇ ನಾ ಹಾಸಗಿ ಬಿಟ್ಟ ಏಳೂದು. ನನ್ನ ಸಲುವಾಗಿ ಒಂದ್ ಜೀವ ಒಳಗ ದುಡಿಯಾಕ ಹತ್ತೇತಿ ಅಂತ ಕಣ್ಣಾಗ ನೀರ ಬರತಾವ್ರಿ. ಹಡದ ಮಗಳಿದ್ರೂ ಇಷ್ಟು ಮಾಡ್ತಿದ್ದಿಲ್ಲ."

ಸುಗುಣಳ ಕೈ ನಿಂತಿತು.

ಇಲ್ಲಿಯವರೆಗೆ ಅವಳು ಸುಳ್ಳು ಹೇಳಿದ್ದು ರೊಟ್ಟಿಯ ಬಗ್ಗೆ ಅಂದುಕೊಂಡಿದ್ದಳು. ಈಗ ತಿಳಿಯಿತು, ಅತ್ತೆ ಕೇಳಿ ಕಣ್ಣೀರು ಹಾಕುತ್ತಿದ್ದದ್ದು ಒದ್ದೆ ಅರಿವೆಯ ಸಪ್ಪಳಕ್ಕೆ. ಇದಕ್ಕಿಂತ ಬೈಸಿಕೊಳ್ಳುವುದೇ ಮೇಲು. ಗುರುಬಸವ್ವ ಸರಿಸಿದ ರೊಟ್ಟಿಯನ್ನು ಅವಳು ಮೆಲ್ಲಗೆ ಹಿಂದಕ್ಕೆ ತಳ್ಳಿದಳು. ಹಿಟ್ಟಿನ ಕೈಯಲ್ಲೇ ಎದ್ದು ಅತ್ತೆಯ ಮುಂದೆ ಬಂದು ನಿಂತಳು.

"ಅತ್ತೆ, ನಂಗೆ ರೊಟ್ಟಿ ಬಡಿಯೋಕೆ ಬರಲ್ಲ."

"ಏನಂದಿ?"

"ಬರಲ್ಲ ಅತ್ತೆ. ಮೊದಲಿಂದಲೂ ಬರಲ್ಲ. ನಮ್ಮ ಮಾವ ಹೇಳಿದ್ದು ಸುಳ್ಳು. ನಾನು ಅದನ್ನೇ ಮುಂದುವರಿಸಿದೆ. ದಿನಾ ನಿಮಗೆ ಬಡಿಸಿದ್ದು ಗುರುಬಸಕ್ಕನ ಖಾನಾವಳಿ ರೊಟ್ಟಿ. ಈ ಜಂಪರೆಲ್ಲ ನಾನೇ ಹೊಲಿದಿದ್ದು, ಅದರ ಬದಲಿಗೆ. ನೀವು ಬೆಳಗ್ಗೆ ಕೇಳ್ತಿದ್ದ ಸಪ್ಪಳ... ಒದ್ದೆ ಬಟ್ಟೆ ಬಡೀತಿದ್ದೆ ಅತ್ತೆ." ಕೆನ್ನೆಯ ಮೇಲಿನ ನೀರು ಒರೆಸಲು ಹೋಗಿ ಮುಖಕ್ಕೆಲ್ಲ ಹಿಟ್ಟು ಬಳಿದುಕೊಂಡಳು.

ತಟ್ಟೆ ಬಡಿಯುತ್ತಿದ್ದವರೂ ಕೈ ನಿಲ್ಲಿಸಿದರು. ನೀಲಗಂಗವ್ವ ಸೊಸೆಯ ಮುಖವನ್ನೇ ನೋಡಿ ಕೇಳಿದಳು.

"ಅಂದ್ರ ಅಷ್ಟೂ ದಿನ ನೀ ಬಾಗಲಾ ಹಾಕ್ಕೊಂಡು ಒಳಗ ಅರಿವಿ ಬಡೀತಿದ್ದೇನು?"

"ಹೌದು ಅತ್ತೆ."

"ಒಂದ್ ರೊಟ್ಟಿನೂ ಬಡಿದಿಲ್ಲೇನು?"

"ಇಲ್ಲ ಅತ್ತೆ."

ನೀಲಗಂಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಭುಜ ಕುಲುಕತೊಡಗಿತು. ಅಯ್ಯೋ, ಅತ್ತೆಯನ್ನು ಅಳಿಸಿಬಿಟ್ಟೆನಲ್ಲ ಅಂತ ಸುಗುಣ ಕುಸಿದು ಕೂತಳು. ಸೆರಗು ಸರಿಯಿತು. ನೋಡಿದರೆ ನೀಲಗಂಗವ್ವ ನಗುತ್ತಿದ್ದಾಳೆ! ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದಾಳೆ.

"ನೋಡಿಲ್ಲೆ" ಅಂತ ಸೊಸೆಯ ಮುಂದೆ ಬಾಯಿ ಅಗಲ ತೆರೆದಳು. ಮುಂದಿನ ಹಲ್ಲು ನೆಟ್ಟಗಿದ್ದವು. ಒಳಗೆ ದವಡೆಯಲ್ಲಿ ಮಾತ್ರ ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ, ಬರೀ ಬೋಳು.

"ನಿನ್ನ ಮದವಿ ಆಗೂಕ್ಕಿಂತ ಮೊದಲ ಹೋಗ್ಯಾವ. ಕಡಕ್ ರೊಟ್ಟಿ ಜಗಿಯಾಕ ನನಗ ಹಲ್ಲ ಎಲ್ಲಿ ಅದಾವ? ಬಿಸಿ ರೊಟ್ಟಿ ಕೇಳಿದ್ರ ನೀ ಮತ್ತ ಹೊತ್ತಹೊತ್ತಿಗೆ ಬಡಿಯಾಕ ಕುಂದ್ರತಿ, ಕೂಸಿನ ಕೈ ಹೋದಾವು ಅಂತ ಸುಮ್ನಿದ್ದೆ. ಬ್ಯಾಡ ಅಂದ್ರ ನಿನ್ನ ಮಾರಿ ಸಣ್ಣದಾಗತೈತಿ ಅಂತ ಭಾಳ ಚಲೋ ಐತಿ, ಭಾಳ ಚಲೋ ಐತಿ ಅಂದೆ. ಉಡಿಯಾಗ ಮುಚ್ಚಿಟ್ಕೊಂಡು ಹಿತ್ತಲಕ್ಕ ಒಯ್ಯತಿದ್ದೆ."

"ಹಿತ್ತಿಲಿಗಾ? ಅಲ್ಲಿ ಏನ್ ಮಾಡ್ತಿದ್ರಿ ಅತ್ತೆ?"

"ಏನ್ ಮಾಡ್ಲಿ? ನೀ ಬಡೀಲಿಲ್ಲ, ನಾ ತಿನ್ನಲಿಲ್ಲ. ಎಲ್ಲಾ ತಿಂದದ್ದು ಆ ಎಮ್ಮಿ!"

ಪಡಸಾಲೆಯೇ ಹಾರಿಹೋಗುವ ಹಾಗೆ ಜನ ನಕ್ಕರು. ಗುರುಬಸವ್ವ ಹಣೆ ಹಣೆ ಬಡಿದುಕೊಂಡು ನಕ್ಕಳು. "ನನ್ನ ರೊಟ್ಟಿ ತಿನ್ನಾಕ ಹತ್ತೂರಿಂದ ಜನ ಬರತೈತಿ, ನೀವು ಎಮ್ಮಿಗೆ ಹಾಕೀರೇನ್ರಿ!" ಅಂದಳು. ಸುಗುಣಳಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ, ಎರಡನ್ನೂ ಒಟ್ಟಿಗೇ ಮಾಡಿದಳು. ಎದೆಯ ಮೇಲೆ ಕೂತಿದ್ದ ಭಾರ ಎಲ್ಲಿಗೆ ಹೋಯಿತೋ! ಮದುವೆಯಾದ ಮೇಲೆ ಅವಳು ಪೂರ್ತಿ ಉಸಿರು ಎಳೆದುಕೊಂಡದ್ದು ಅವತ್ತೇ.

ನಗು ನಿಂತ ಮೇಲೆ ನೀಲಗಂಗವ್ವ ಸೊಸೆಯ ಮುಖದ ಹಿಟ್ಟನ್ನು ಸೆರಗಿನಿಂದ ಒರೆಸಿದಳು. "ಸುಳ್ಳಿಗೆ ನನಗ ಸಿಟ್ಟ ಬಂದೈತಿ ನೋಡು. ಇಲ್ಲ ಅನ್ನಂಗಿಲ್ಲ. ಆದ್ರ ಸಿಟ್ಟ ಮಾಡಾಕ ನನಗರ ಬಾಯಿ ಎಲ್ಲೈತಿ? ನೀ ಒಂದ್ ಮುಚ್ಚಿಟ್ಟಿ, ನಾ ಒಂದ್ ಮುಚ್ಚಿಟ್ಟೆ. ಇಬ್ಬರೂ ಸರೀಕರು" ಅಂದಳು. ಆ ಕೈ ಅವಳ ತಲೆಯ ಮೇಲೇ ಇತ್ತು.

"ಅಕ್ಕಾರ, ನಗೂದು ಆತು, ರೊಟ್ಟಿ?" ಅಂತ ಹಿಂದಿನಿಂದ ಯಾರೋ ಕೂಗಿದರು. ನೀಲಗಂಗವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ತಾನೇ ಒಲೆಯ ಮುಂದೆ ಕೂತಳು. "ಹಲ್ಲ ಹೋಗ್ಯಾವ, ಕೈ ಹೋಗಿಲ್ಲ!" ಅವಳ ಅಂಗೈ ಕೆಳಗೆ ರೊಟ್ಟಿ ಚಕ್ರದ ಹಾಗೆ ತಿರುಗಿತು. ಸುಗುಣ ಪಕ್ಕದಲ್ಲೇ ಕೂತು ಹಂಚಿನ ಮೇಲಿನ ರೊಟ್ಟಿಗೆ ಒದ್ದೆ ಅರಿವೆಯಿಂದ ನೀರು ಸವರಿದಳು. ಅರಿವೆ ಇರುವುದು ಇದಕ್ಕೆ ಅಂತ ಅವಳಿಗೆ ಅವತ್ತು ಗೊತ್ತಾಯಿತು, ಪಾಪ.

ಸಂಜೆ ಮನೆಗೆ ಬಂದ ಮೇಲೆ ನೀಲಗಂಗವ್ವ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಕೇಳಿದಳು. "ಅಲ್ಲಾ, ರೊಟ್ಟಿ ಬರಂಗಿಲ್ಲ ಅಂದ್ರ ನಿನಗ ಬರೂದರ ಏನು?"

ಸುಗುಣ ಸಂಕೋಚದಿಂದ, "ರಾಗಿ ಮುದ್ದೆ ಅತ್ತೆ. ನೀವು ಮುದ್ದೆ ಉಣ್ಣೋ ಸೀಮೆ ಅಂತ ಹೇಳ್ತಿದ್ರಲ್ಲ, ಅದಕ್ಕೆ ಮಾಡೋಕೆ ನಾಚಿಕೆ" ಅಂದಳು.

"ಮಾಡು, ನೋಡೂಣು."

ಸೋದರಮಾವನ ಮನೆಯಿಂದ ಬರುವಾಗ ಗಂಟಿನಲ್ಲಿ ಕಟ್ಟಿ ತಂದಿದ್ದ ರಾಗಿ ಹಿಟ್ಟು ಹಾಗೇ ಕೂತಿತ್ತು. ಸುಗುಣ ಎಸರಿಟ್ಟು, ಹಿಟ್ಟು ಹಾಕಿ, ಕೋಲು ಹಿಡಿದು ತಿರುವಿದಳು. ಅವತ್ತು ಅಡುಗೆಮನೆಯ ಬಾಗಿಲು ತೆರೆದೇ ಇತ್ತು. ನುಣ್ಣನೆಯ ಮುದ್ದೆಯನ್ನು ಬಿಸಿ ಬಿಸಿ ಸೊಪ್ಪಿನ ಸಾರಿನಲ್ಲಿ ಇಟ್ಟು ಅತ್ತೆಯ ಮುಂದೆ ತಂದಳು. ನೀಲಗಂಗವ್ವ ಮುರಿದು ಬಾಯಿಗೆ ಹಾಕಿಕೊಂಡು ದವಡೆ ಆಡಿಸಲು ಹೊರಟಳು.

"ಜಗೀಬಾರದು ಅತ್ತೆ. ಸಾರಲ್ಲಿ ಅದ್ದಿ ನುಂಗಬೇಕು."

"ಏನು? ಜಗೀಬಾರದಾ?"

"ಮುದ್ದೇನ ಯಾರೂ ಜಗಿಯಲ್ಲ ಅತ್ತೆ. ಹಾಗೇ ನುಂಗೋದು."

ನೀಲಗಂಗವ್ವ ನುಂಗಿದಳು. ಇನ್ನೊಂದು ತುತ್ತು ನುಂಗಿದಳು. ಇಡೀ ಮುದ್ದೆ ಮುಗಿಸಿ, ತಟ್ಟೆಯಲ್ಲಿದ್ದ ಸಾರನ್ನು ಎತ್ತಿ ಕುಡಿದು, ಉಸ್ ಅಂತ ಗೋಡೆಗೆ ಒರಗಿದಳು. ಎಷ್ಟೋ ದಿನಗಳ ಮೇಲೆ ಅವಳ ಹೊಟ್ಟೆ ನಿಜವಾಗಿ ತುಂಬಿತ್ತು.

"ಯವ್ವಾ ಸುಗುಣಾ" ಅಂದಳು, "ಹಲ್ಲಿಲ್ಲದ ಮುದುಕಿಗೆ ಅಂತನ ದೇವರು ಮಾಡಿದ ಊಟ ಇದು. ಮನ್ಯಾಗ ಇದನ್ನ ಇಟ್ಕೊಂಡು ನೀ ಅರಿವಿ ಬಡಕೋತ ಕುಂತಿದ್ದೇನು? ಇನ್ನೊಂದು ಹಾಕು."

ಈಗಲೂ ಆ ಮನೆಯಲ್ಲಿ ಬೆಳಗ್ಗೆ ರೊಟ್ಟಿಯ ಸಪ್ಪಳ ಕೇಳುತ್ತದೆ. ಬಾಗಿಲು ತೆರೆದುಕೊಂಡು ಅತ್ತೆ ಕಲಿಸುತ್ತಾಳೆ, ಸೊಸೆ ಕಲಿಯುತ್ತಾಳೆ. ರಾತ್ರಿಗೆ ಮುದ್ದೆ. ಗುರುಬಸವ್ವನ ಖಾನಾವಳಿಗೆ ಅಮಾವಾಸ್ಯೆಗೊಮ್ಮೆ ಇಬ್ಬರೂ ಇಳಕಲ್ ಸೀರೆ ಉಟ್ಟು ಹೋಗಿ ಬಿಸಿ ರೊಟ್ಟಿ ಎಣ್ಣಗಾಯಿ ಉಂಡು ಬರುತ್ತಾರೆ. ಜಂಪರಿಗೆ ಗುರುಬಸವ್ವ ಈಗ ಮುಂದಿನ ಬಾಗಿಲಿಂದಲೇ ಬರುತ್ತಾಳೆ. ಈ ಕಥೆಯಲ್ಲಿ ನಷ್ಟವಾದದ್ದು ಒಬ್ಬರಿಗೇ. ಪಕ್ಕದ ಮನೆಯ ಎಮ್ಮೆ ಮಧ್ಯಾಹ್ನವಾದರೆ ಸಂದಿಯಲ್ಲಿ ನಿಂತು ಹಿತ್ತಿಲ ಬಾಗಿಲ ಕಡೆ ನೋಡಿ ಕೂಗುತ್ತಲೇ ಇರುತ್ತದೆ.

ನೀತಿ: ಒಬ್ಬರ ಮನಸ್ಸನ್ನು ಇನ್ನೊಬ್ಬರು ನೋಯಿಸಬಾರದೆಂದು ಸತ್ಯವನ್ನು ಮುಚ್ಚಿಟ್ಟರೆ ಇಬ್ಬರೂ ಹಸಿದುಕೊಂಡೇ ಇರುತ್ತಾರೆ. ನಿಮಗೆ ಬಾರದ್ದನ್ನು ಬಾರದು ಎನ್ನಿ, ಆಗದ್ದನ್ನು ಆಗದು ಎನ್ನಿ. ನಿಜವಾಗಿ ಪ್ರೀತಿಸುವವರು ಅಷ್ಟಕ್ಕೆ ಕೈ ಬಿಡುವುದಿಲ್ಲ. ನೀವು ನಾಚಿ ಬಚ್ಚಿಟ್ಟದ್ದೇ ಅವರಿಗೆ ಬೇಕಾಗಿದ್ದರೂ ಇರಬಹುದು.